ಮುಯ್ಯಿ ಪುಸ್ತಕ: ನಂಟರಿಷ್ಟರ ನಡುವಿನ ಕೃತಜ್ಞತೆಯ ಬಗೆಗೊಂದು ಟಿಪ್ಪಣಿ

ಮದುವೆಯ ಮುಯ್ಯಿ ಪುಸ್ತಕವನ್ನು ಸಾಲದ ಲೆಕ್ಕವೆಂದು ಓದುವವರೇ ಹೆಚ್ಚು. ಯಾರು ಎಷ್ಟು ಹಾಕಿದರೆಂದು ಬರೆದಿಟ್ಟು, ಅವರ ಮನೆಯ ಮದುವೆಗೆ ಹೋಗುವ ಮುನ್ನ ತೆಗೆದು ನೋಡುವ ಪದ್ಧತಿಯಲ್ಲಿ ಪ್ರೀತಿಗೆ ಎಡೆ ಎಲ್ಲಿ ಎಂಬುದು ಅವರ ಆಕ್ಷೇಪ. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಸಾಲದ ಪುಸ್ತಕಕ್ಕೂ ಮುಯ್ಯಿ ಪುಸ್ತಕಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಸಾಲದ ಪುಸ್ತಕದ ಗುರಿ ಲೆಕ್ಕ ಚುಕ್ತಾ ಆಗುವುದು. ಮುಯ್ಯಿಯಲ್ಲಿ ಲೆಕ್ಕ ಚುಕ್ತಾ ಆಯಿತೆಂದರೆ ನಂಟು ಮುಗಿಯಿತೆಂದೇ ಅರ್ಥ. ಬಾಯಲ್ಲಿ ಹೇಳದ ಕೃತಜ್ಞತೆ ನಮ್ಮ ಮನೆಗಳಲ್ಲಿ ಎಲ್ಲಿ ಕೂತಿದೆ ಎಂದು ಹುಡುಕುವವರು ಈ ಪುಸ್ತಕದಿಂದ ತೊಡಗುವುದು ಮೇಲು.

ಹಳೇ ಮೈಸೂರು ಸೀಮೆಯಲ್ಲಿ ಮುಯ್ಯಿ, ಉತ್ತರ ಕರ್ನಾಟಕದಲ್ಲಿ ಆಯಾರ ಅಥವಾ ಆಹೇರ. ವಿವರಗಳು ಜಿಲ್ಲೆಯಿಂದ ಜಿಲ್ಲೆಗೆ, ಜಾತಿಯಿಂದ ಜಾತಿಗೆ ಬೇರೆಯಾದರೂ ಪುಸ್ತಕದ ಚಹರೆ ಹೆಚ್ಚು ಬದಲಾಗುವುದಿಲ್ಲ. ಪುಟದ ತಲೆಗೆ ‘ಶ್ರೀ’, ಆಮೇಲೆ ಹೆಸರು, ಊರು, ಹಣ. ಹಣವಲ್ಲದಿದ್ದರೆ ರವಿಕೆ ಕಣ, ಪಂಚೆ, ಪಾತ್ರೆ, ತೆಂಗಿನಕಾಯಿ, ಅಕ್ಕಿ. ಹೆಸರು ಬಹುಮಟ್ಟಿಗೆ ಮನೆಯ ಯಜಮಾನನದು, ಬರೆಯುವ ಕೈಯೂ ಗಂಡಸಿನದೇ. ತಿರುಗಿ ಕೊಡುವ ದಿನಾಂಕಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಕೊಟ್ಟವರ ಮನೆಯಲ್ಲಿ ಒಂದು ಶುಭಕಾರ್ಯ ಬರಬೇಕು, ಅಷ್ಟೆ. ಅದು ಮುಂದಿನ ಮಾಘದಲ್ಲೂ ಆಗಬಹುದು, ಇಪ್ಪತ್ತು ವರ್ಷದ ಮೇಲೂ ಆಗಬಹುದು. ಆಗ ಕೊಡುವುದು ಪಡೆದದ್ದಕ್ಕಿಂತ ತುಸು ಹೆಚ್ಚಿರಬೇಕು. 101 ಹಾಕಿದವರಿಗೆ ವರ್ಷಗಳ ನಂತರ ಅದೇ 101 ಹಾಕಿ ಬಂದರೆ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ, ಆದರೆ ಮಾತು ಆ ಮನೆಯ ಅಡುಗೆ ಕೋಣೆಯಲ್ಲಿ ಬಹಳ ದಿನ ಉಳಿಯುತ್ತದೆ. ಹೆಚ್ಚಿಗೆ ಕೊಟ್ಟ ಭಾಗ ಈಗ ಆ ಕಡೆಯವರ ಮೇಲೆ ಕೂರುತ್ತದೆ. ಹೀಗೆ ತಕ್ಕಡಿ ಸದಾ ಒಂದು ಕಡೆಗೆ ವಾಲಿಕೊಂಡೇ ಇರುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವುದೆಂದು ಹೆಮ್ಮೆಪಡಬೇಕಾಗಿಲ್ಲ. ಜೆಕಿಯೆ ಎಗ್ಲರ್ ಪಾಕಿಸ್ತಾನದ ಪಂಜಾಬಿನ ಹಳ್ಳಿಯೊಂದರ ಬಗ್ಗೆ 1960ರಲ್ಲಿ ಪ್ರಕಟಿಸಿದ ಗ್ರಂಥದ ಬಹುಭಾಗ ‘ವರ್ತನ್ ಭಾಂಜಿ’ ಎಂಬ ಕೊಡುಕೊಳ್ಳುವಿಕೆಗೇ ಮೀಸಲು. ಸರಿಸಮವಾಗಿ ತೀರಿಸಿದರೆ ಸಂಬಂಧ ಕಡಿದುಕೊಂಡಂತೆ ಎಂಬ ನಿಯಮ ಅಲ್ಲೂ ಇದೆ. ತಮಿಳುನಾಡಿನ ಪುದುಕ್ಕೋಟೆ ಕಡೆ ಇದೇ ಬಗೆಯ ‘ಮೊಯ್’ ಮದುವೆಯ ಹಂಗನ್ನೂ ಬಿಟ್ಟು, ಆಡಿ ತಿಂಗಳಲ್ಲಿ ಮೊಯ್ ಎತ್ತಲೆಂದೇ ನಡೆಸುವ ಔತಣವಾಗಿ ಬೆಳೆದಿದೆ. ಅಲ್ಲಿ ಅದು ಸಾಲಕ್ಕೆ ತೀರ ಹತ್ತಿರ ಬಂದಿದೆ ಎನ್ನುವುದು ನನ್ನ ಅನಿಸಿಕೆ. ಕೊಟ್ಟದ್ದಕ್ಕೂ ಮರಳಿಸಿದ್ದಕ್ಕೂ ನಡುವೆ ಕಾಲ ಸರಿಯಬೇಕು, ಕೂಡಲೇ ಮರಳಿಸುವುದು ತಿರಸ್ಕಾರಕ್ಕೆ ಸಮ ಎಂಬುದನ್ನು ಅಲ್ಜೀರಿಯಾದ ಕಬೈಲ್ ಜನರ ನಡುವೆ ನಿಂತು ವಾದಿಸಿದವನು ಪಿಯರ್ ಬೋರ್ದ್ಯೂ. ಈ ವಾದವಿರುವ ಅವನ ಗ್ರಂಥ ಫ್ರೆಂಚಿನಲ್ಲಿ ಬಂದದ್ದು 1972ರಲ್ಲಿ. ಹುಟ್ಟುಹಬ್ಬಕ್ಕೆ ಸೀರೆ ಉಡಿಸಿದ ಅತ್ತಿಗೆಗೆ ಮಾರನೆಯ ದಿನವೇ ಸೀರೆ ತಂದುಕೊಟ್ಟು ನೋಡಿದವರಿಗೆ ಬೋರ್ದ್ಯೂವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಆದರೆ ಪುಸ್ತಕವೊಂದನ್ನೇ ನೆಚ್ಚಿದರೆ ಅರ್ಧ ವಿಷಯ ಕೈತಪ್ಪುತ್ತದೆ. ಹೆಂಗಸರ ನಡುವಿನ ಕೊಡುಕೊಳ್ಳುವಿಕೆಗೆ ಪುಸ್ತಕವಿಲ್ಲ, ಎಲ್ಲ ನೆನಪಿನಲ್ಲೇ. ಪಕ್ಕದ ಮನೆಯವರು ಹಬ್ಬದ ದಿನ ಒಬ್ಬಟ್ಟು ತುಂಬಿ ಕಳಿಸಿದ ಡಬ್ಬಿಯನ್ನು ಬರಿದಾಗಿ ಮರಳಿಸಬಾರದು. ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಒಬ್ಬಟ್ಟು ಬೆಂದ ಅಡುಗೆ, ಸಕ್ಕರೆ ಬೇಯಿಸದ ಪದಾರ್ಥ ಎಂಬುದನ್ನು ಗಮನಿಸಬೇಕು. ಬೆಂದದ್ದು ಯಾರ ಮನೆಯಿಂದ ಯಾರ ಮನೆಗೆ ಹೋಗಬಹುದು ಎಂಬುದರ ಮೇಲೆ ಜಾತಿಯ ಕಾವಲಿತ್ತು, ಇನ್ನೂ ಪೂರ್ತಿ ಎದ್ದುಹೋಗಿಲ್ಲ. ಅಕ್ಕಿ, ಬೆಲ್ಲ, ಕಾಯಿ, ಹಣ್ಣು, ಸಕ್ಕರೆಗಳಿಗೆ ಅಷ್ಟು ಕಟ್ಟುಪಾಡಿಲ್ಲ. ಬಾಗಿನದ ಮೊರದಲ್ಲಿ, ಮಡಿಲಕ್ಕಿಯಲ್ಲಿ, ಎಳ್ಳು ಬೀರುವ ತಟ್ಟೆಯಲ್ಲಿ ಬೇಯಿಸದ ಪದಾರ್ಥಗಳೇ ಮುಖ್ಯವಾಗಿರುವುದಕ್ಕೆ ಕೆಡದೆ ಉಳಿಯುವ ಗುಣ ಒಂದು ಕಾರಣವಾದರೆ, ಇದು ಇನ್ನೊಂದು ಇರಬಹುದು.

ಮಡಿಲಕ್ಕಿಯ ಒಂದು ವಿವರ ನನಗೆ ಮುಯ್ಯಿ ಪುಸ್ತಕಕ್ಕಿಂತ ಹೆಚ್ಚು ಹೇಳುತ್ತದೆ. ಬಾಣಂತನ ಮುಗಿಸಿಯೋ ಹಬ್ಬ ಮುಗಿಸಿಯೋ ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಹಾಕುತ್ತಾರೆ. ಅನೇಕ ಮನೆಗಳಲ್ಲಿ ಅವಳು ಅದರಿಂದ ಒಂದಿಷ್ಟು ಅಕ್ಕಿಯನ್ನು ಅಲ್ಲೇ ಉಳಿಸಿ ಹೋಗುತ್ತಾಳೆ, ತವರು ಬರಿದಾಗದಿರಲೆಂದು. ತೆಗೆದುಕೊಂಡ ಕ್ಷಣದಲ್ಲೇ ಮರಳಿಸುವುದು ಇಲ್ಲಿ ತಿರಸ್ಕಾರವಲ್ಲ. ಬೋರ್ದ್ಯೂವಿನ ನಿಯಮಕ್ಕೆ ಇದು ವಿರುದ್ಧವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಅವಳು ಮರಳಿಸುವುದು ತಂದದ್ದನ್ನಲ್ಲ, ಪಡೆದದ್ದರಲ್ಲೇ ಒಂದು ಪಾಲನ್ನು. ಅದರಿಂದ ಲೆಕ್ಕ ಕಿಂಚಿತ್ತೂ ತೀರುವುದಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನದ ದುಡ್ಡು ಬಂದೇ ಬರುತ್ತದೆ.

ಗದ್ದೆ ನಾಟಿಗೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಮುಯ್ಯಾಳು ಇದೇ ಮರದ ಇನ್ನೊಂದು ಕೊಂಬೆ. ಅಲ್ಲಿ ಆಳಿಗೆ ಆಳು, ದಿನಕ್ಕೆ ದಿನ. ಹೆಚ್ಚುವರಿಯ ನಿಯಮ ಸಡಿಲ, ಅವಧಿಯೂ ಒಂದು ಹಂಗಾಮಿನೊಳಗೆ. ಹಾಗಾಗಿ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ಮಾತಿನ ಸಂಗತಿ. ಮನೆಮಂದಿಗೆ ಬಾಯಿಬಿಟ್ಟು ಕೃತಜ್ಞತೆ ಹೇಳದಿರುವುದು ನಮ್ಮವರ ಒರಟುತನ ಎಂಬ ಭಾವನೆ ಓದಿದವರಲ್ಲಿ ಹರಡಿದೆ. ಸಿಮಿಯೊನ್ ಫ್ಲಾಯ್ಡ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಾವನೆಗೆ ಒಳ್ಳೆಯ ಮದ್ದು. ಐದು ಖಂಡಗಳ ಎಂಟು ಭಾಷೆಗಳಲ್ಲಿ, ಮನೆ ಮತ್ತು ಊರಿನ ಬಳಗದ ದಿನನಿತ್ಯದ ಮಾತುಕತೆಯನ್ನು ಧ್ವನಿ-ದೃಶ್ಯಗಳಲ್ಲಿ ಸೆರೆಹಿಡಿದು ಅವರು ನೋಡಿದರು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಮಾಡಿಕೊಟ್ಟಾಗ, ಸರಾಸರಿ ಇಪ್ಪತ್ತು ಸಲಕ್ಕೆ ಒಂದು ಸಲ ಮಾತ್ರ ಕೃತಜ್ಞತೆಯ ಮಾತು ಬಂದಿತ್ತು. ಇಂಗ್ಲಿಷ್ ಮತ್ತು ಇಟಾಲಿಯನ್‌ನಲ್ಲಿ ಏಳಕ್ಕೊಂದರಷ್ಟು. ಈಕ್ವೆಡಾರಿನ ಚಾಪಲಾ ಭಾಷೆಯ ಮಾದರಿಯಲ್ಲಿ ಒಂದೂ ಇರಲಿಲ್ಲ. ಆ ಎಂಟರಲ್ಲಿ ಭಾರತದ ಭಾಷೆ ಯಾವುದೂ ಇಲ್ಲವಾದ್ದರಿಂದ ಕನ್ನಡಕ್ಕೆ ಅಂಕಿಯನ್ನು ಎರವಲು ತರುವಂತಿಲ್ಲ. ಆದರೆ ಆಪ್ತರ ನಡುವೆ ಸುಮ್ಮನೆ ಮಾಡಿಕೊಡುವುದೇ ಲೋಕದ ವಾಡಿಕೆ, ಮಾತಿನಲ್ಲಿ ಹೇಳುವುದೇ ಅಪರೂಪ ಎಂಬಷ್ಟನ್ನು ಒಪ್ಪಬಹುದು. ದಕ್ಷಿಣ ಭಾರತದ ಕೃತಜ್ಞತೆಯನ್ನು ತಮಿಳು ಸಮಾಜವನ್ನು ಮುಂದಿಟ್ಟುಕೊಂಡು ಅರ್ಜುನ್ ಅಪ್ಪಾದುರೈ 1985ರಲ್ಲೇ ಚರ್ಚಿಸಿದ್ದರು.

ಕನ್ನಡದ ಮನೆಗಳಲ್ಲಿ ಮಾತು ಬಂದಾಗಲೂ ಅದು ವಯಸ್ಸು ನೋಡಿ ರೂಪ ಬದಲಿಸುತ್ತದೆ. ಹಿರಿಯರು ಕಿರಿಯರಿಗೆ ಹರಸುತ್ತಾರೆ: ‘ನಿನ್ನ ಹೊಟ್ಟೆ ತಣ್ಣಗಿರಲಿ’, ‘ನೂರ್ಕಾಲ ಬಾಳು’. ಕಿರಿಯರು ಹಿರಿಯರಿಗೆ ಋಣದ ಮಾತಾಡುತ್ತಾರೆ: ‘ಸಮಯಕ್ಕೆ ಕೈ ಹಿಡಿದ್ರಿ ಮಾವ, ನಿಮ್ಮ ಋಣ ತೀರ್ಸೋಕಾಗಲ್ಲ’. ಸರೀಕ ಗೆಳೆಯರಲ್ಲಿ ಎರಡೂ ಇಲ್ಲ, ಬೈಗುಳದ ಸಲಿಗೆಯೇ ಅದರ ಕೆಲಸ ಮಾಡುತ್ತದೆ. ಮಗಳು ಫೋನಿನಲ್ಲಿ ‘ಥ್ಯಾಂಕ್ಸ್ ಅಮ್ಮಾ’ ಎಂದರೆ ‘ನಂಗ್ಯಾಕೆ ಹೇಳ್ತೀಯೆ, ನಾನೇನ್ ಹೊರಗಿನೋಳಾ?’ ಎಂಬ ಉತ್ತರ ಇವತ್ತಿಗೂ ಕೇಳಿಬರುತ್ತದೆ. ಆ ಉತ್ತರದಲ್ಲಿ ಮುನಿಸಿಗಿಂತ ಗಾಬರಿ ಹೆಚ್ಚು. ಲೆಕ್ಕ ಅಲ್ಲಿಗೇ ಮುಗಿಸುತ್ತಿದ್ದಾಳೇನೋ ಎಂಬ ಗಾಬರಿ.

ಪದ್ಧತಿಯನ್ನು ಹೊಗಳುವ ಉತ್ಸಾಹದಲ್ಲಿ ಅದರ ಭಾರವನ್ನು ಮರೆಯಬಾರದು. ಪಡೆದದ್ದಕ್ಕಿಂತ ಹೆಚ್ಚು ಕೊಡಬೇಕೆಂಬುದು ಇದ್ದವರಿಗೆ ಮರ್ಯಾದೆ, ಇಲ್ಲದವರಿಗೆ ಸಂಕಟ. ಬರಗಾಲದ ವರ್ಷ ನೆಂಟರ ಮದುವೆಗೆ ಹೋಗದೆ ಮೈ ಸರಿಯಿಲ್ಲವೆಂದು ಹೇಳಿ ಕಳಿಸಿದವರ ಕಥೆ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಸಾವಿನ ಮನೆಯಲ್ಲಿ ಮಾತ್ರ ಈ ಏರುಲೆಕ್ಕ ನಿಲ್ಲುತ್ತದೆ. ಒಲೆ ಹಚ್ಚದ ಮನೆಗೆ ನೆರೆಯವರು ತಂದ ಅನ್ನ ಸಾರನ್ನು ಯಾರೂ ಬರೆದಿಡುವುದಿಲ್ಲ, ಅದಕ್ಕೆ ಉಪಕಾರದ ಮಾತನ್ನೂ ಯಾರೂ ಆಡುವುದಿಲ್ಲ.

ಈಚಿನ ಲಗ್ನಪತ್ರಿಕೆಗಳ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಸಾಮಾನ್ಯವಾಗಿದೆ. ಕೆಲವು ಕಡೆ ಇದಕ್ಕೆ ತದ್ವಿರುದ್ಧವಾಗಿ ಯುಪಿಐ ಚೌಕಳಿಯನ್ನೇ ಮೇಜಿನ ಮೇಲೆ ಇಡುತ್ತಾರೆ. 2016ರಲ್ಲಿ ಬಂದ ಈ ವ್ಯವಸ್ಥೆಯಿಂದ ಮುಯ್ಯಿಗೆ ಧಕ್ಕೆಯೇನೂ ಆಗಿಲ್ಲ, ಪುಸ್ತಕ ಫೋನಿನೊಳಗೆ ಹೋಗಿದೆ ಅಷ್ಟೆ. ಅದು ನಿಜವಾಗಿ ಬದಲಿಸಿದ್ದು ಗೆಳೆಯರ ನಡುವಿನ ಲೆಕ್ಕವನ್ನು. ಹೋಟೆಲಿನಲ್ಲಿ ಈ ಸಲ ನಾನು, ಮುಂದಿನ ಸಲ ನೀನು ಎಂಬ ಹಳೆಯ ಏರುಪೇರು ಹೋಗಿ, ಮೇಜು ಬಿಡುವ ಮೊದಲೇ ತಲಾ ಪಾಲು ಪೈಸೆಗೆ ಪೈಸೆ ಸಂದಾಯವಾಗುತ್ತಿದೆ. ಮುಂದಿನ ಸಲ ಸೇರುವುದಕ್ಕೆ ಬೇರೆ ನೆಪ ಹುಡುಕಬೇಕು.

ಉಡುಗೊರೆ ಬೇಡವೆಂದ ಮದುವೆಗಳಲ್ಲಿ ಪೇಚಿಗೆ ಸಿಕ್ಕುವವರು ಹಿಂದೆ ಆ ಮನೆಯಿಂದ ಪಡೆದ ಹಿರಿಯರು. ತಾಂಬೂಲದ ಚೀಲ ಹಿಡಿದು, ಹಳೆಯ ಬಾಕಿ ಹಾಗೇ ಉಳಿಸಿಕೊಂಡು ಮರಳಬೇಕು. ಅವರು ಸುಮ್ಮನಿರುವುದಿಲ್ಲ. ಅದೇ ದಂಪತಿಯ ಗೃಹಪ್ರವೇಶಕ್ಕೋ ಸೀಮಂತಕ್ಕೋ ಮಗುವಿನ ನಾಮಕರಣಕ್ಕೋ ಲಕೋಟೆ ತಲುಪಿಸುತ್ತಾರೆ, ಒಂದು ರೂಪಾಯಿಯ ನಾಣ್ಯ ಅಂಟಿಸಿ, ಹಿಂದೆ ಪಡೆದದ್ದಕ್ಕಿಂತ ಹೆಚ್ಚಾಗಿ.