ತಟ್ಟೆಯ ಸೂತ್ರಧಾರ

ಸಂಸ್ಕೃತ ನಾಟಕಗಳಲ್ಲಿ ನಾಂದಿಯಾದ ಬಳಿಕ ಸೂತ್ರಧಾರನು ಬಂದು, ಸಭಿಕರಿಗೆ ಕವಿಯನ್ನೂ ಕೃತಿಯನ್ನೂ ಪರಿಚಯಮಾಡಿಕೊಟ್ಟು, ಪ್ರಸ್ತಾವನೆ ಮುಗಿದೊಡನೆ ನಿಷ್ಕ್ರಮಿಸುವನು. ಅಮೆರಿಕ ದೇಶದ ರೇಡಿಯೋ ನಿಲಯಗಳಲ್ಲಿ ತಲೆಯೆತ್ತಿದ ಒಬ್ಬ ಉದ್ಯೋಗಿಯಾದರೋ ಸೂತ್ರಧಾರನಾಗಿ ಬಂದು, ಕಡೆಗೆ ನಾಯಕನ ಪಾತ್ರವನ್ನೇ ವಹಿಸಿಕೊಂಡನು. ಅವನಿಗೆ ಡಿಸ್ಕ್ ಜಾಕಿಯೆಂದು ಹೆಸರು. ಜಾಕಿಯೆಂದರೆ ಪಂದ್ಯದ ಕುದುರೆಯ ಸವಾರ. ಗ್ರಾಮಫೋನಿನ ತಟ್ಟೆಯೇ ಇವನಿಗೆ ಕುದುರೆ.

ಮೊದಮೊದಲು ದೊಡ್ಡ ನಿಲಯಗಳು ವಾದ್ಯಮೇಳಗಳನ್ನು ಕರೆಸಿಯೇ ನುಡಿಸುತ್ತಿದ್ದವು. ತಟ್ಟೆ ಹಾಕುವುದು ಅಗ್ಗದ ಕೆಲಸವೆಂದು ಎಣಿಕೆಯಿತ್ತು. 1935ರಲ್ಲಿ, ವಿಮಾನವೀರ ಲಿಂಡ್‌ಬರ್ಗನ ಶಿಶುಹತ್ಯೆಯ ವಿಚಾರಣೆಯು ನಡೆಯುತ್ತಿದ್ದಾಗ, ನ್ಯೂಯಾರ್ಕಿನ ಮಾರ್ಟಿನ್ ಬ್ಲಾಕ್ ಎಂಬವನು ವಾರ್ತೆಗಳ ನಡುವಣ ಬಿಡುವನ್ನು ತಟ್ಟೆಗಳಿಂದ ತುಂಬಿದನು. ವಾದ್ಯಗಾರರು ತನ್ನೆದುರಿಗೇ ಇರುವರೋ ಎಂಬಂತೆ ಅವನು ಮಾತನಾಡುತ್ತಿದ್ದನು. ಲಾಸ್ ಏಂಜಲೀಸಿನ ಆಲ್ ಜಾರ್ವಿಸನು ಈ ಕ್ರಮವನ್ನು ಅದಕ್ಕೆ ಮೊದಲೇ ಹಿಡಿದಿದ್ದನಾದರೂ, ಹೆಚ್ಚು ಕೀರ್ತಿಯು ಬ್ಲಾಕನ ಪಾಲಿಗೆ ಬಂದಿತು.

ಇದರಿಂದ ವಾದ್ಯಗಾರರಿಗೆ ಜೀವನೋಪಾಯದ ಭಯವುಂಟಾಯಿತು. ತಟ್ಟೆಗಳ ಮೇಲೆ ರೇಡಿಯೋ ಪ್ರಸಾರಕ್ಕೆ ಅನುಮತಿಯಿಲ್ಲವೆಂದು ಅಚ್ಚುಹಾಕಿಸಿದ್ದುಂಟು. ಮೇಳನಾಯಕ ಪಾಲ್ ವೈಟ್‌ಮನ್ ಸಂಬಂಧದ ವ್ಯಾಜ್ಯದಲ್ಲಿ 1940ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡನು, ಮಾರಿಹೋದ ತಟ್ಟೆಯ ಪ್ರಸಾರವನ್ನು ತಡೆಯಲಾಗದೆಂದು ತೀರ್ಪಿತ್ತನು. ಅಂದಿನಿಂದ ಜಾಕಿಯ ಹಾದಿಯು ನಿಷ್ಕಂಟಕವಾಯಿತು.

ಕಂಟಕವು ಹೊರಗಿನಿಂದ ಹೋದರೆ ಒಳಗಿನಿಂದ ಹುಟ್ಟಿತು. ಯಾವ ಹಾಡು ಜನರ ಕಿವಿಗೆ ಬೀಳಬೇಕೆಂಬುದನ್ನು ಒಬ್ಬನೇ ನಿರ್ಣಯಿಸುವಾಗ, ಅವನ ಮನೆಯ ಬಾಗಿಲಿಗೆ ಹಣದ ಚೀಲ ಬಾರದಿರುವುದೆ? ಕ್ಲೀವ್‌ಲೆಂಡಿನಲ್ಲಿ 1951ರಿಂದ ಅಲನ್ ಫ್ರೀಡ್ ಎಂಬವನು ಕರಿಯ ಗಾಯಕರ ತಟ್ಟೆಗಳನ್ನು ಬಿಳಿಯ ತರುಣರಿಗೂ ಕೇಳಿಸಿ, ವರ್ಣಭೇದದ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆದನು. ಇದು ಸಣ್ಣ ಉಪಕಾರವಲ್ಲ. ಆದರೆ ತಟ್ಟೆ ಹಾಕುವುದಕ್ಕೆ ಲಂಚ ಪಡೆಯುವ ಪದ್ಧತಿಯ ವಿಚಾರಣೆಯು 1959ರಲ್ಲಿ ತೊಡಗಿದಾಗ ಅವನು ಕೆಲಸ ಕಳೆದುಕೊಂಡನು. 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರು ದಂಡ ತೆತ್ತನು. 1965ರಲ್ಲಿ, 43ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಪ್ರಕಟಪಡಿಸದೆ ಹಣ ಪಡೆದು ಹಾಡು ಹಾಕುವುದು ಅಪರಾಧವೆಂದು 1960ರಲ್ಲಿಯೇ ಶಾಸನವಾಗಿತ್ತು.

ಇಲ್ಲಿಯವರೆಗೆ ಜಾಕಿಯ ಬಲವು ನಾಲಗೆಯಲ್ಲಿತ್ತು; ಮುಂದೆ ಅದು ಕೈಗೆ ಇಳಿಯಿತು. ಜಮೈಕಾದಿಂದ ಬಂದಿದ್ದ 18 ವರ್ಷದ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಕೂಲ್ ಹರ್ಕ್, 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರಾಂತದಲ್ಲಿ ತನ್ನ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ತಟ್ಟೆಗಳನ್ನು ನುಡಿಸಿದನು. ಹಾಡು ನಿಂತು ತಾಳವಾದ್ಯವೊಂದೇ ಮೊಳಗುವ ಕ್ಷಣಕ್ಕಾಗಿ ಕುಣಿಯುವವರು ಕಾದಿರುವುದನ್ನು ಕಂಡಿದ್ದ ಅವನು, ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳಲ್ಲಿಟ್ಟು, ಆ ಕ್ಷಣವನ್ನು ಬೇಕಾದಷ್ಟು ಲಂಬಿಸುವ ಉಪಾಯವನ್ನು ಬೆಳೆಸಿದನು. ಹಿಪ್ ಹಾಪ್ ಎಂಬ ಗೀತಪ್ರಕಾರಕ್ಕೆ ಅದೇ ಬೀಜವಾಯಿತು. ಹೀಗೆ, ಒಂದು ಕಾಲಕ್ಕೆ ವಾದ್ಯಗಾರರ ವೈರಿಯೆನಿಸಿದ್ದವನು ತಾನೇ ವಾದ್ಯಗಾರನಾದನು, ತಟ್ಟೆಯೇ ವಾದ್ಯವಾಯಿತು.

ಈಗ ಅನೇಕ ಕಡೆ ತಟ್ಟೆಯೂ ಬೇಡವಾಗಿದೆ. ಹಾಡನ್ನು ಆರಿಸುವ ಕೆಲಸವನ್ನು ಗಣಕಯಂತ್ರವೇ ಮಾಡುವುದುಂಟು. ಯಂತ್ರವು ಲಂಚ ತಿನ್ನದು, ನಿಜ. ಅದನ್ನು ನಡೆಯಿಸುವವರ ಮಾತು ಬೇರೆ. ಕೇಳುವವನು ತನ್ನ ಕಿವಿಯನ್ನು ಇನ್ನೊಬ್ಬನ ಕೈಗೆ ಒಪ್ಪಿಸುವುದು ವಿಶ್ವಾಸದಿಂದ. ಫ್ರೀಡನು ಕಿಂಡಿ ತೆರೆದದ್ದೂ ಆ ವಿಶ್ವಾಸದ ಬಲದಿಂದಲೇ, ಕೆಟ್ಟದ್ದೂ ಅದನ್ನು ಮಾರಿಕೊಂಡೇ.