ನೆರಳಿನಿಂದ ರೂಪಕ್ಕೆ: ಸ್ಕ್ಯಾನಿಂಗ್ ಚರಿತ್ರೆಯಲ್ಲಿ ಬೆಂಗಳೂರಿನ ಪಾಲು

ದೇಹವನ್ನು ಕೊಯ್ಯದೆ ಅದರ ಒಳಗನ್ನು ಕಾಣಬೇಕೆಂಬ ಹಂಬಲ ವೈದ್ಯವಿದ್ಯೆಯಷ್ಟೇ ಪುರಾತನವಾದುದು. ಅದು ಕೈಗೂಡತೊಡಗಿದುದು 1895ರ ನವೆಂಬರ್ 8ರಂದು, ಜರ್ಮನಿಯ ರಾಂಟ್ಗೆನ್ ಕ್ಷ-ಕಿರಣಗಳನ್ನು ಕಂಡುಕೊಂಡಾಗ. ಆದರೆ ಕ್ಷ-ಕಿರಣದ ಚಿತ್ರವೆಂದರೆ ಬರಿಯ ನೆರಳು. ಮುಂದಿನ ಅಂಗ, ಹಿಂದಿನ ಅಂಗ ಎಲ್ಲವೂ ಅದರಲ್ಲಿ ಒಂದರ ಮೇಲೊಂದು ಬಿದ್ದು ಬೆರೆತಿರುತ್ತವೆ. ಎಲುಬು ಸ್ಪಷ್ಟವಾಗಿ ಕಾಣುತ್ತದೆ. ತಲೆಬುರುಡೆಯೊಳಗಿನ ಮಿದುಳು ಕಾಣುವುದಿಲ್ಲ.

ಅಡಕೆ ತೋಟದ ಹೊರಗೆ ನಿಂತು, ಬೇರೆ ಬೇರೆ ದಿಕ್ಕುಗಳಿಗೆ ಬೀಳುವ ನೆರಳುಗಳಿಂದಲೇ ಒಳಗಿನ ಯಾವ ಮರ ಎಲ್ಲಿದೆಯೆಂದು ಹೇಳಬಹುದೆ? ಹೇಳಬಹುದೆಂದು ಗಣಿತ ಉತ್ತರಿಸುತ್ತದೆ. ಆಸ್ಟ್ರಿಯಾದ ಗಣಿತಜ್ಞ ರಾಡಾನ್ 1917ರಲ್ಲಿಯೇ ಇದನ್ನು ಸಾಧಿಸಿ ತೋರಿಸಿದ್ದರು. ಆದರೆ ಈ ಲೆಕ್ಕದ ದೊಡ್ಡ ಹೊರೆಯನ್ನು ಹೊರಬಲ್ಲ ಗಣಕಗಳು ಅಂದು ಇರಲಿಲ್ಲ.

ಇಲ್ಲಿಯೇ ಬೆಂಗಳೂರಿನ ಹೆಸರು ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪ್ರತಿಯೊಂದು ನೆರಳನ್ನೂ ಮೊದಲು ಒಂದು ಸರಳ ಗುಣಾಕಾರ-ಸಂಕಲನದಿಂದ ತಿದ್ದಿ, ಆಮೇಲೆ ಅದು ಬಂದ ದಿಕ್ಕಿಗೆ ಹಿಂದಿರುಗಿಸಿ ಕೂಡಿಸಬೇಕು. ಆಗ ಮಸುಕು ಕಳೆದು ರೂಪ ಮೂಡುತ್ತದೆ. ರೇಡಿಯೋ ಖಗೋಳವಿಜ್ಞಾನದಲ್ಲಿ ಬ್ರೇಸ್‌ವೆಲ್ 1967ರಲ್ಲಿ ಇಂಥದೇ ದಾರಿಯನ್ನು ಕಂಡಿದ್ದರು. ಆದರೂ ಆ ತಿದ್ದುವ ಸೂತ್ರಕ್ಕೆ ಜಗತ್ತು ಇಂದಿಗೂ ಕರೆಯುವುದು ಈ ಇಬ್ಬರ ಹೆಸರನ್ನೇ ಜೋಡಿಸಿ: ‘ರಾಮ್-ಲಾಕ್’.

ಅದೇ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ನಿರ್ಮಿಸಿದ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. ಅದರ ಲೆಕ್ಕದ ಕ್ರಮ ಬೇರೆ. ಮುಂದಿನ ಯಂತ್ರಗಳು ನೆರಳನ್ನು ತಿದ್ದಿ ಕೂಡಿಸುವ ಕ್ರಮವನ್ನೇ ಅನುಸರಿಸಿದವು. 1979ರ ನೊಬೆಲ್ ಪ್ರಶಸ್ತಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಅವರ ಪಾಲಾಯಿತು.

ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರಿಗೆ 0, ಗಾಳಿಗೆ -1000, ಕೊಬ್ಬಿಗೆ ಸುಮಾರು -100, ಎಲುಬಿನದು ನೂರಾರು. ಹೆಪ್ಪುಗಟ್ಟಿದ ಹೊಸ ರಕ್ತ ಸುಮಾರು 60ರಿಂದ 80. ಮಿದುಳಿನ ನಡುವೆ ಅದು ಬೆಳ್ಳಗೆ ತೋರುತ್ತದೆ. ಪಾರ್ಶ್ವವಾಯು ಬಡಿದವನ ಮಿದುಳಿನಲ್ಲಿ ರಕ್ತಸ್ರಾವವೋ, ನಾಳದ ತಡೆಯೋ ಎಂಬುದನ್ನು ಹೊರಗಿನ ಲಕ್ಷಣಗಳಿಂದ ನಿಶ್ಚಯಿಸಲಾಗದು. ತಡೆಯನ್ನು ಕರಗಿಸುವ ಔಷಧ ರಕ್ತಸ್ರಾವದಲ್ಲಿ ಪ್ರಾಣಾಂತಿಕ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೆ ಮೊದಲು ಸ್ಕ್ಯಾನಿಂಗ್ ಆಗಲೇಬೇಕು.

ಕಾಸರಗೋಡಿನವರಿಗೆ ಈ ಗಂಟೆಗಳ ಬೆಲೆಯನ್ನು ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ನಾವು ಬೇರ್ಪಟ್ಟರೂ, ರೋಗಿಗಳ ದಾರಿ ಮಂಗಳೂರಿನ ಕಡೆಗೇ ಉಳಿಯಿತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದಾಗ, ಚಿಕಿತ್ಸೆಗೆ ಅತ್ತ ಹೋಗಲಾಗದೆ ಹಲವರು ಪ್ರಾಣ ಬಿಟ್ಟರು. ವಿವಾದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2013ರಲ್ಲಿ ಶಿಲಾನ್ಯಾಸಗೊಂಡಿದ್ದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆದುದೂ ಆ ಏಪ್ರಿಲಿನಲ್ಲಿಯೇ.

ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ, ಕೇರಳದ ಎರ್ನಾಕುಲಂನಲ್ಲಿ. ಈ ಸೂತ್ರ ರೂಪುಗೊಂಡದ್ದು ಕರ್ನಾಟಕದ ಬೆಂಗಳೂರಿನಲ್ಲಿ. ಎರಡು ನಾಡುಗಳಿಗೂ ಸೇರಿದ ಆ ವಿದ್ಯೆಯ ಫಲ, ಎರಡರ ನಡುವೆ ಬದುಕುವ ನಮಗೆ ಹೊತ್ತು ಮೀರುವ ಮೊದಲು ದೊರೆಯಬೇಕು. ಅದಕ್ಕಾಗಿ ತಲಪಾಡಿಯ ದಾರಿ ರೋಗಿಗೆ ಎಂದೂ ತೆರೆದಿರಬೇಕು. ಆ ದಾರಿಯನ್ನೇ ನೆಚ್ಚಬೇಕಾದ ಅಗತ್ಯವೂ ಇಲ್ಲದಂತೆ ಸುಸಜ್ಜಿತ ಆಸ್ಪತ್ರೆಗಳು ಈ ಮಣ್ಣಿನಲ್ಲಿಯೇ ಬೆಳೆಯಬೇಕು.