ಸಾಕುಪ್ರಾಣಿಯ ನೀರಿಗೆ ಯಂತ್ರ ಬೆರೆಸುವ ವಿಟಮಿನ್: ಡೋಸ್ ನಿಜಕ್ಕೂ ಸರಿಯಾಗಿರುತ್ತದೆಯೇ?

ಹೇಳಿಕೆ: ನೀರಿನ ಪಾತ್ರೆಗೆ ಆಟೊಮ್ಯಾಟಿಕ್ ಯಂತ್ರ ವಿಟಮಿನ್ ಹನಿ ಸೇರಿಸಿದರೆ ನಾಯಿ, ಬೆಕ್ಕಿಗೆ ದಿನವೂ ಸರಿಯಾದ ಡೋಸ್ ಸಿಗುತ್ತದೆ.

ವಾಸ್ತವ: ಯಂತ್ರ ಅಳೆಯುವುದು ನೀರಿಗೆ ಬಿದ್ದದ್ದನ್ನು, ಹೊಟ್ಟೆಗೆ ಹೋದದ್ದನ್ನಲ್ಲ.

ನಾಯಿ ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿ.ಲೀ. ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇದು ಏರುತ್ತದೆ, ನೀರಿನಂಶವಿರುವ ಆಹಾರ ತಿಂದ ದಿನ ಇಳಿಯುತ್ತದೆ. ಡೋಸ್ ಕೂಡ ಹಾಗೆಯೇ. ಎರಡು ಪ್ರಾಣಿಗಳಿಗೆ ಒಂದೇ ಪಾತ್ರೆಯಾದರೆ ಯಾವುದು ಎಷ್ಟು ಕುಡಿಯಿತೆಂದು ಗೊತ್ತಾಗುವುದಿಲ್ಲ.

ಹಾಗಾದರೆ ಕೋಳಿ ಫಾರಂಗಳಲ್ಲಿ? ಅಲ್ಲಿ ಡೋಸಿಂಗ್ ಪಂಪ್ ಬಳಸುವುದು ನಿಜ. ಆದರೆ ಆ ಲೆಕ್ಕ ಇಡೀ ಹಿಂಡಿನದು, ಒಂದೊಂದು ಕೋಳಿಯದಲ್ಲ.

ಅಪಾಯ ಎಲ್ಲಿದೆ?

- ಮೂತ್ರಪಿಂಡದ ಕಾಯಿಲೆ, ಮಧುಮೇಹ ಇರುವ ಪ್ರಾಣಿ ಹೆಚ್ಚು ನೀರು ಕುಡಿಯುತ್ತದೆ. ಹಾಗಾಗಿ ಕಾಯಿಲೆ ಬಿದ್ದ ಪ್ರಾಣಿಗೇ ಹೆಚ್ಚು ಡೋಸ್ ಹೋಗುತ್ತದೆ.
- ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಹಾಳಾಗಬಹುದು.
- ರುಚಿ ಹಿಡಿಸದಿದ್ದರೆ ಬೆಕ್ಕು ನೀರನ್ನೇ ಬಿಡಬಹುದು.
- ಸಿಹಿಗಾಗಿ ಬಳಸುವ ಕ್ಸೈಲಿಟಾಲ್ ನಾಯಿಗೆ ವಿಷ. ಲೇಬಲ್ ಓದಿ.
- ವಿಟಮಿನ್ ಸಿ ನೀರಿನಲ್ಲಿ ಬೆಳಕು, ಗಾಳಿಗೆ ಸತ್ವ ಕಳೆದುಕೊಳ್ಳುತ್ತದೆ. ಗಿನಿಪಿಗ್‌ಗೆ ಅದನ್ನು ಆಹಾರದಲ್ಲೋ ನೇರ ಬಾಯಿಗೋ ಕೊಡುವುದೇ ಸರಿ. ನಾಯಿ, ಬೆಕ್ಕಿನ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಏನು ಮಾಡಬೇಕು? ಪಾತ್ರೆಯಲ್ಲಿ ಬರೀ ಶುದ್ಧ ನೀರಿರಲಿ. ಪೂರಕ ಬೇಕೇ, ಎಷ್ಟು ಬೇಕು ಎಂಬುದನ್ನು ಪಶುವೈದ್ಯರು ಹೇಳಲಿ. ಪ್ರಾಣಿಯ ಬಾಯಾರಿಕೆ ಇದ್ದಕ್ಕಿದ್ದಂತೆ ಹೆಚ್ಚಾದರೆ ತಡಮಾಡದೆ ತೋರಿಸಿ.

ತೀರ್ಪು: ದಾರಿ ತಪ್ಪಿಸುವ ಹೇಳಿಕೆ.